ಒಂಬತ್ತನೇ ರೀಲು

ಪಾಂಡವಪುರದ ಕಡೆಯವರನ್ನು ಕೇಳಿ ನೋಡಿ, ‘ಗುಪ್ತದಳ ಹನ್ನೊಂದು’ ಅಂತ ಒಂದು ಸಿನಿಮಾ ಬಂದಿತ್ತಲ್ಲ, ಹೇಗಿತ್ತು ಅಂತ. ನೆನಪಿದ್ದವರು ಮೊದಲು ನಗುತ್ತಾರೆ. ಆಮೇಲೆ, ಓ ಅದಾ, ಹೀರೋ ಅಪ್ಪನ್ನ ಬದಲಾಯಿಸಿದ ಸಿನಿಮಾ ತಾನೆ, ಅನ್ನುತ್ತಾರೆ. ಅದೇ ಸಿನಿಮಾವನ್ನು ನಾಗಮಂಗಲದಲ್ಲಿ ಕೇಳಿದರೆ ಕಣ್ಣಲ್ಲಿ ನೀರು ತಂದುಕೊಂಡು ಕತೆ ಹೇಳುವವರು ಸಿಗುತ್ತಾರೆ. ಒಂದೇ ಸಿನಿಮಾ, ಒಂದೇ ಪ್ರಿಂಟು, ಅದೇ ಹೊಸ ಹೀರೋ. ಈ ಎರಡು ಊರುಗಳ ನಡುವೆ ಆದದ್ದೇನು ಅಂತ ಗೊತ್ತಿದ್ದವನು ನಿಂಗರಾಜು ಒಬ್ಬನೇ. ಹಾಗಂತ ಅವನು ಅಂದುಕೊಂಡಿದ್ದ, ಪಾಪ.

ತೊಂಬತ್ತೈದನೇ ಇಸವಿಯ ಮಾತು ಇದು. ಆಗ ಸಣ್ಣ ಊರಿನ ಟಾಕೀಸಿಗೆಲ್ಲ ಒಂದೊಂದು ಪ್ರಿಂಟು ಕೊಡುವಷ್ಟು ಧಾರಾಳ ಯಾರಿಗೂ ಇರಲಿಲ್ಲ. ಶ್ರೀರಂಗಪಟ್ಟಣದ ಟಾಕೀಸಿಗೂ ಪಾಂಡವಪುರದ ಟಾಕೀಸಿಗೂ ಸೇರಿ ಒಂದೇ ಪ್ರಿಂಟು. ಅಲ್ಲಿ ಹತ್ತೂವರೆಗೆ ಆಟ ಶುರುವಾದರೆ ಇಲ್ಲಿ ಹನ್ನೊಂದೂವರೆಗೆ. ಅಲ್ಲಿ ಓಡಿ ಮುಗಿದ ರೀಲುಗಳನ್ನು ತಗಡಿನ ಪೆಟ್ಟಿಗೆಗೆ ತುಂಬಿ, ಲೂನಾದ ಹಿಂದೆ ಬಿಗಿದು, ಹೆದ್ದಾರಿ, ರೈಲ್ವೆ ಗೇಟು, ಸಕ್ಕರೆ ಫ್ಯಾಕ್ಟರಿಯ ಮುಂದೆ ನಿಂತ ಕಬ್ಬಿನ ಗಾಡಿಗಳ ಸಾಲು ಎಲ್ಲ ದಾಟಿ ಹೊತ್ತಿಗೆ ಸರಿಯಾಗಿ ಇಲ್ಲಿಗೆ ಮುಟ್ಟಿಸಬೇಕು. ಇಬ್ಬರು ಸರದಿಯ ಮೇಲೆ ಓಡಾಡುತ್ತಿದ್ದರು. ಒಬ್ಬ ನಿಂಗರಾಜು, ಇನ್ನೊಬ್ಬ ಶ್ರೀರಂಗಪಟ್ಟಣದ ಶಂಕರ್. ಕುರ್ಚಿಯಲ್ಲಿ ಕೂತು ಕಡಲೆಕಾಯಿ ತಿನ್ನುವವರಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು. ಪೆಟ್ಟಿಗೆ ಹೊರುವವನಿಗೆ ಸಿನಿಮಾದ ಕತೆ ಗೊತ್ತಾಗುವುದಿಲ್ಲ ಅನ್ನುವುದು ಬೇರೆ ಮಾತು. ನಾಲ್ಕು ವರ್ಷದಲ್ಲಿ ನಿಂಗರಾಜು ನೂರಾರು ಸಿನಿಮಾ ಹೊತ್ತಿದ್ದ, ಒಂದನ್ನೂ ಮೊದಲಿಂದ ಕೊನೆಯವರೆಗೆ ಕೂತು ನೋಡಿರಲಿಲ್ಲ.

ಆದರೆ ಊರಲ್ಲಿ ಅವನನ್ನು ಯಾರೂ ಪೆಟ್ಟಿಗೆ ನಿಂಗರಾಜು ಅನ್ನುತ್ತಿರಲಿಲ್ಲ. ಅಲ್ಲಿ ಅವನು ರಾಜಪಾರ್ಟಿನ ನಿಂಗರಾಜು. ಪಾಂಡವಪುರಕ್ಕೆ ಎರಡು ಹರದಾರಿ ದೂರದ ಚಿಕ್ಕಕೊಪ್ಪಲಿನಲ್ಲಿ ಸುಗ್ಗಿ ಮುಗಿದ ಮೇಲೆ ಪೌರಾಣಿಕ ನಾಟಕ ಆಡುವುದು ಅಜ್ಜ ಮುತ್ತಜ್ಜರ ಕಾಲದ ಚಟ. ಹಾರ್ಮೋನಿಯಂ ಮೇಷ್ಟ್ರು ಶಿವಲಿಂಗಯ್ಯ ಯಾರಿಗೆ ಯಾವ ಪಾತ್ರ ಅಂತ ಪಟ್ಟಿ ಮಾಡುವಾಗ ರಾಜನ ಪಾತ್ರಕ್ಕೆ ನಿಂಗರಾಜುವಿನ ಹೆಸರನ್ನು ಯಾರನ್ನೂ ಕೇಳದೆ ಬರೆದುಬಿಡುತ್ತಿದ್ದ. ಸೆರೆಸಿಕ್ಕ ರಾಜನನ್ನು ಶತ್ರು ನೀನು ಯಾರು ಅಂತ ಕೇಳುವ ಒಂದು ಕಡೆ ಇತ್ತು. ಅಲ್ಲಿ ನಿಂಗರಾಜು ಎಡಗೈ ಸೊಂಟದ ಮೇಲಿಟ್ಟು, ಗದ್ದ ಎತ್ತಿ, ‘ನನ್ನ ಹೆಸರು’ ಅಂತ ಹೇಳಿ ಉಸಿರು ತಡೆದು ನಿಲ್ಲುತ್ತಿದ್ದ. ಅವನು ಮುಂದಿನ ಮಾತು ಆಡುವವರೆಗೆ ಕೊನೇ ಸಾಲಿನ ಮುದುಕಿಯರೂ ಎಲೆಯಡಿಕೆ ಜಗಿಯುವುದು ನಿಲ್ಲಿಸುತ್ತಿದ್ದರು.

ಅದೇ ನಾಟಕದಲ್ಲಿ ರವೀಂದ್ರನಿಗೆ ಚಾರನ ಪಾತ್ರ. ಮಹಾಪ್ರಭು, ಶತ್ರುಗಳು ಕೋಟೆಯ ಬಾಗಿಲಿಗೆ ಬಂದಿದ್ದಾರೆ ಅನ್ನುವುದು, ಕೈಮುಗಿಯುವುದು, ಹೋಗುವುದು. ಅಷ್ಟನ್ನೂ ನಿಂಗರಾಜುವೇ ಹೇಳಿಕೊಡಬೇಕು. ಇಬ್ಬರದೂ ಒಂದೇ ಬೀದಿ, ಒಂದೇ ವಯಸ್ಸು, ಒಂದೇ ಬೆಂಚು. ನಿಂಗರಾಜುವಿನ ತಾಯಿ ಅವನು ಸಣ್ಣವನಿದ್ದಾಗಲೇ ತೀರಿಕೊಂಡಿದ್ದಳು. ರವೀಂದ್ರನ ತಾಯಿ ಬೆಟ್ಟಮ್ಮ ತನ್ನ ಮಗನಿಗೆ ಮುದ್ದೆ ಇಕ್ಕುವಾಗ ಪಕ್ಕದಲ್ಲಿ ಇವನಿಗೂ ಒಂದು ತಟ್ಟೆ ಹಾಕುತ್ತಿದ್ದಳು. ಹಾಗೆ ಬೆಳೆದವನು ಇವನು.

ಎರಡು ವರ್ಷದ ಹಿಂದೆ ಮೇಲುಕೋಟೆಯಲ್ಲಿ ಒಂದು ಹಾಡಿನ ಶೂಟಿಂಗಿಗೆ ಬಂದಿದ್ದ ನಿರ್ದೇಶಕನೊಬ್ಬ, ಯಾರೋ ಹೇಳಿದರು ಅಂತ ಚಿಕ್ಕಕೊಪ್ಪಲಿನ ನಾಟಕ ನೋಡಲು ಬಂದ. ಆಟ ಮುಗಿದ ಮೇಲೆ ಬಣ್ಣದ ಮನೆಗೂ ಬಂದ. ನಿಂಗರಾಜು ಕಿರೀಟ ಸಹ ತೆಗೆಯದೆ ಎದ್ದು ನಿಂತ. ಆ ಮನುಷ್ಯ ಅವನನ್ನು ದಾಟಿಕೊಂಡು ಹೋಗಿ, ಮೂಲೆಯಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಿದ್ದ ರವೀಂದ್ರನ ಭುಜ ಮುಟ್ಟಿದ. ಗೂಢಚಾರನ ಕತೆಯೊಂದು ಕೈಯಲ್ಲಿದೆ, ಹೊಡೆದಾಟದ ಸಿನಿಮಾ, ಹೊಸಮುಖ ಹುಡುಕುತ್ತಿದ್ದೇನೆ ಅಂದ. ಹೋಗುವಾಗ ನಿಂಗರಾಜುವಿನ ಕಡೆ ತಿರುಗಿ, ನೀವು ದೊಡ್ಡ ನಟರು, ಆದರೆ ಕ್ಯಾಮರಾ ಮೂಗಿನ ಹತ್ತಿರ ಇರುತ್ತೆ, ಈತನಿಗೆ ಸುಮ್ಮನೆ ನಿಲ್ಲೋಕೆ ಬರುತ್ತೆ, ಅಂತ ಸಮಾಧಾನ ಹೇಳಿದ. ಸಮಾಧಾನವೋ, ಗಾಯಕ್ಕೆ ಉಪ್ಪೋ. ಸುಮ್ಮನೆ ನಿಲ್ಲುವುದೂ ಒಂದು ವಿದ್ಯೆಯಾ, ಹಾಗಾದರೆ ಊರ ಮುಂದಿನ ಲೈಟ್ ಕಂಬವೇ ಹೀರೋ ಆಗಬೇಕಿತ್ತಲ್ಲ ಅಂತ ನಿಂಗರಾಜು ತಿಂಗಳುಗಟ್ಟಲೆ ಗೊಣಗಿದ. ರವೀಂದ್ರ ಬೆಂಗಳೂರಿಗೆ ಹೊರಟ ದಿನ ಬಸ್ಸಿನವರೆಗೂ ಬಾ ಅಂತ ಕರೆಯಲು ಬಂದರೆ, ಗದ್ದೆಗೆ ನೀರು ಕಟ್ಟಬೇಕು ಅಂತ ಹೇಳಿ ಗುದ್ದಲಿ ಹೆಗಲಿಗೇರಿಸಿ ಹೊರಟುಹೋದ. ಅವತ್ತು ನಾಲೆಯಲ್ಲಿ ನೀರೇ ಬಿಟ್ಟಿರಲಿಲ್ಲ.

ಸಿನಿಮಾ ಬಂದದ್ದು ಒಂದು ಶುಕ್ರವಾರ. ಪಾಂಡವಪುರದ ಟಾಕೀಸಿನ ಮುಂದೆ ಇಪ್ಪತ್ತೈದು ಅಡಿಯ ರವೀಂದ್ರ ಕಪ್ಪು ಕೋಟು ಹಾಕಿ ಪಿಸ್ತೂಲು ಹಿಡಿದು ನಿಂತಿದ್ದ. ಚಿಕ್ಕಕೊಪ್ಪಲಿನಿಂದ ಐದು ಟ್ರಾಕ್ಟರು ಜನ. ರವೀಂದ್ರನ ಅಪ್ಪ ಚಿಕ್ಕಸ್ವಾಮಿ ಹೊಸ ಪಂಚೆ ಉಟ್ಟಿದ್ದ. ಬೆಟ್ಟಮ್ಮ ಮಗನ ಮದುವೆಗೆಂದು ಎತ್ತಿಟ್ಟಿದ್ದ ಸೀರೆ ಬಿಚ್ಚಿಬಿಟ್ಟಿದ್ದಳು. ಆ ಹೆಂಗಸು ಟಾಕೀಸಿನೊಳಗೆ ಕಾಲಿಟ್ಟದ್ದೇ ಅವತ್ತು ಮೊದಲು. ನಿಂಗರಾಜುವಿನ ಹೆಂಡತಿ ಪ್ರಮೀಳಾ ಕೂಡ ಅವಳ ಜೊತೆಯಲ್ಲೇ ಬಂದಿದ್ದಳು. ನಿಂಗರಾಜು ಮೊದಲ ನಾಲ್ಕು ರೀಲಿನ ಪೆಟ್ಟಿಗೆ ತಂದು ಇಳಿಸುತ್ತಿರುವಾಗ ಬೆಟ್ಟಮ್ಮ ಬಾಲ್ಕನಿಯ ಮೆಟ್ಟಿಲಿನಿಂದಲೇ ಕೂಗಿ ಕರೆದಳು. ತನ್ನ ಪಕ್ಕದ ಕುರ್ಚಿಗೆ ಟವೆಲ್ ಹಾಕಿ ಅವನಿಗೆ ಅಂತ ಜಾಗ ಹಿಡಿದಿದ್ದಳಂತೆ. ಕೆಲಸ ಇದೆ ದೊಡ್ಡವ್ವ ಅಂತ ಇವನು ತಲೆ ತಗ್ಗಿಸಿದ.

ಆಗ ಶಿವಲಿಂಗಯ್ಯ ಮೇಷ್ಟ್ರು ಬಾಯಿಬಿಟ್ಟ. ಹನ್ನೆರಡು ವರ್ಷ ರಾಜನ ಪಾತ್ರವನ್ನು ನಿಂಗರಾಜುವಿಗೇ ಕಟ್ಟಿದ ಅದೇ ಶಿವಲಿಂಗಯ್ಯ. ರವಿ ಗೆದ್ದು ಬತ್ತಾನೆ ಅಂತ ನಾನು ಅವತ್ತೇ ಹೇಳಿದ್ದೆ, ಒಬ್ಬೊಬ್ಬರಿಗೆ ಒಂದೊಂದು ಹಣೆಬರಹ, ಕೆಲವರು ಪಾರ್ಟು ಹೊರುತ್ತಾರೆ, ಕೆಲವರು ಪೆಟ್ಟಿಗೆ ಹೊರುತ್ತಾರೆ ಅಂತ ನಾಲ್ಕು ಜನರ ಮುಂದೆ ನಗೆಯಾಡಿದ. ಸುತ್ತಲಿದ್ದವರೂ ನಕ್ಕರು. ನಿಂಗರಾಜುವೂ ನಗಬೇಕಾಯಿತು.

ಅಷ್ಟರಲ್ಲಿ ರವೀಂದ್ರನೇ ಜನರನ್ನು ಸರಿಸಿಕೊಂಡು ಬಂದು ಅವನನ್ನು ತಬ್ಬಿಕೊಂಡ. ಮೈಯೆಲ್ಲ ಸೆಂಟಿನ ವಾಸನೆ, ಕೂಲಿಂಗ್ ಗ್ಲಾಸು ಬೇರೆ. ಕಿವಿಯ ಹತ್ತಿರ ಬಾಯಿ ತಂದು ಕೇಳಿದ:

“ನಿಂಗ, ಒಂಬತ್ತನೇ ರೀಲು ನೀನೇ ತತ್ತೀಯೇನ್ಲಾ?”

ಹೂಂ ಅಂದ ನಿಂಗರಾಜು. ಒಂಬತ್ತು, ಹತ್ತು ಅವನ ಸರದಿ.

“ಅಂಗಾರೆ ತಂದ್ಮೇಕೆ ಒಂಟೋಗ್ಬೇಡ. ಒಳಕ್ ಬಾ. ನನ್ ಪಕ್ಕ ನಿಂತ್ಕಂಡು ಆ ರೀಲ್ ಒಂದ ನೋಡು.”

ಯಾಕೆ ಅಂತ ಇವನು ಕೇಳಲಿಲ್ಲ, ಅವನು ಹೇಳಲಿಲ್ಲ. ಶ್ರೀರಂಗಪಟ್ಟಣಕ್ಕೆ ಲೂನಾ ಓಡಿಸುವಾಗ ಉದ್ದಕ್ಕೂ ಅದೇ ಮಾತು ತಲೆಯಲ್ಲಿ ಕೊರೆಯಿತು. ಆ ರೀಲಿನಲ್ಲಿ ಅವನು ಭಾರೀ ಹೊಡೆದಾಟ ಮಾಡಿರಬೇಕು, ಕಣ್ಣೀರು ಸುರಿಸಿರಬೇಕು, ಅದನ್ನು ನನಗೆ ಪಕ್ಕದಲ್ಲಿ ನಿಲ್ಲಿಸಿ ತೋರಿಸಬೇಕು, ರಾಜಪಾರ್ಟಿನವನೇ ನೋಡು ಅಂತ ಹೊಟ್ಟೆ ಉರಿಸಬೇಕು. ಹೀಗೆ ಲೆಕ್ಕ ಹಾಕಿದ. ಹೊಟ್ಟೆಕಿಚ್ಚು ಹತ್ತಿದವನಿಗೆ ಒಳ್ಳೆಯ ಮಾತೂ ಕೊಳ್ಳಿಯಾಗಿಯೇ ಕಾಣುತ್ತದೆ.

ಹನ್ನೆರಡು ಇಪ್ಪತ್ತಕ್ಕೆ ಒಂಬತ್ತು ಮತ್ತು ಹತ್ತನೇ ರೀಲು ಅವನ ಕೈಗೆ ಬಂದವು. ರೈಲ್ವೆ ಗೇಟು ತೆರೆದೇ ಇತ್ತು. ಗೇಟಿಗೆ ಸ್ವಲ್ಪ ಈಚೆಗೇ ನಾಲೆಯ ಏರಿ ಸಿಗುತ್ತದೆ. ಅಲ್ಲಿ ಅವನು ಲೂನಾ ತಿರುಗಿಸಿ, ಆಳೆತ್ತರ ಬೆಳೆದ ಕಬ್ಬಿನ ಮರೆಯಲ್ಲಿ ನಿಲ್ಲಿಸಿ, ಏರಿಯ ಮೇಲೆ ಕೂತ. ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು ನಿಮಿಷ ಅಂತ ತನಗೆ ತಾನೇ ಹೇಳಿಕೊಂಡ. ಇಂಟರ್ವಲ್ ಮುಗಿದರೂ ರೀಲು ಬರದೆ ಜನ ಒಂದಿಷ್ಟು ಶಿಳ್ಳೆ ಹೊಡೆಯಲಿ, ಹೀರೋ ಸಾಹೇಬರು ಬಾಗಿಲಿಗೆ ಬಂದು ಪೆಟ್ಟಿಗೆ ಹೊರುವವನ ದಾರಿ ನೋಡಲಿ. ಅಷ್ಟಾದರೆ ಸಾಕು.

ಹದಿನೈದು ನಿಮಿಷ ಆಯಿತು. ಅವನು ಏಳಲಿಲ್ಲ. ಅರ್ಧ ಗಂಟೆ ಆಯಿತು. ಕಬ್ಬಿನ ಜಲ್ಲೆ ಮುರಿದು ಸಿಗಿದು ತಿಂದ. ಬಿಸಿಲಿಗೆ ಪೆಟ್ಟಿಗೆಯ ತಗಡು ಕಾಯುತ್ತಿದೆ ಅಂತ ಅನ್ನಿಸಿ ಅದರ ಮೇಲೆ ತನ್ನ ಟವೆಲ್ ಹಾಸಿದ. ರೀಲಿನ ಮೇಲೆ ಅಷ್ಟು ಕಾಳಜಿ ನೋಡಿ ಪುಣ್ಯಾತ್ಮನಿಗೆ. ಕೊನೆಗೆ ಕೆಳಗಿನ ರಸ್ತೆಯಲ್ಲಿ ಶಂಕರನ ಗಾಡಿ ಹೋಗುವುದು ಕಾಣಿಸಿತು, ಹಿಂದೆ ಹನ್ನೊಂದರಿಂದ ಹದಿನಾಲ್ಕರವರೆಗಿನ ರೀಲಿನ ಪೆಟ್ಟಿಗೆ. ಈಗಲೂ ಎದ್ದು ಓಡಿಸಿದ್ದರೆ ಅವನ ಹಿಂದೆಯೇ ಹೋಗಿ ಮುಟ್ಟಬಹುದಿತ್ತು. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಇನ್ನೊಂದು ಜಲ್ಲೆ ಮುರಿದ. ಮುಂದೆ ಎಷ್ಟೋ ವರ್ಷ ಅವನಿಗೆ ನೆನಪಾಗಿ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತಿದ್ದುದು ಆ ಎರಡನೇ ಜಲ್ಲೆಯೇ.

ಅವನು ಟಾಕೀಸಿನ ಹತ್ತಿರ ಬಂದಾಗ ಹೊರಗೆ ನರಪಿಳ್ಳೆಯೂ ಇರಲಿಲ್ಲ. ಒಳಗಿನಿಂದ ನಗೆ ಕೇಳಿಸುತ್ತಿತ್ತು. ತಮಾಷೆಯ ಕಡೆ ನಗುತ್ತಾರಲ್ಲ, ಆ ನಗೆಯಲ್ಲ. ಬಿದ್ದವನನ್ನು ನೋಡಿ ನಗುವ ನಗೆ. ಪೆಟ್ಟಿಗೆ ಹೊತ್ತು ಆಪರೇಟರ್ ರೂಮಿಗೆ ಹತ್ತಿದರೆ ದಾಸಯ್ಯ ಬೈಯಲೂ ಇಲ್ಲ. ಮೂವತ್ತು ವರ್ಷ ಪ್ರೊಜೆಕ್ಟರ್ ಮುಂದೆ ನಿಂತ ಮನುಷ್ಯ ಅವನು.

“ಇಪ್ಪತ್ತೈದು ನಿಮಿಷ ಕಾದೆ ಕಣ್ಲಾ. ಕುರ್ಚಿ ಮುರಿಯಾಕ್ ಸುರು ಮಾಡುದ್ರು. ಸಂಕ್ರ ತಂದುದ್ನೇ ಆಕ್ಬುಟ್ಟೆ,” ಅಂದ.

ಅಂದರೆ ಎಂಟಾದ ಮೇಲೆ ನೇರ ಹನ್ನೊಂದು. ಒಂಬತ್ತು, ಹತ್ತು ನಿಂಗರಾಜುವಿನ ಕೈಯಲ್ಲೇ ಉಳಿದಿದ್ದವು.

ಆದದ್ದು ಇಷ್ಟು. ಎಂಟನೇ ರೀಲಿನ ಕೊನೆಗೆ ಗೂಢಚಾರ ರವೀಂದ್ರ ಕೋಟು ಹಾಕಿಕೊಂಡು ವೈರಿಗಳ ಪಾರ್ಟಿಯಲ್ಲಿ ಕುಣಿಯುತ್ತಿರುತ್ತಾನೆ, ನೆಲ ಬಾಯಿಬಿಟ್ಟು ಕೆಳಗೆ ಬೀಳುತ್ತಾನೆ, ಇಂಟರ್ವಲ್. ಮತ್ತೆ ದೀಪ ಆರಿದಾಗ ಅವನ ತಲೆಗೆ ಬಟ್ಟೆ ಸುತ್ತಿದೆ, ಬಟ್ಟೆಯೆಲ್ಲ ಚಿಂದಿ, ಅದುವರೆಗೆ ಯಾರೂ ಕಾಣದ ಒಬ್ಬ ಮುದುಕನ ಕಾಲು ಹಿಡಿದು, ‘ಇನ್ನು ಮೇಲೆ ನೀವೇ ನನ್ನ ತಂದೆ’ ಅಂತ ಗೋಳೋ ಅಂತ ಅಳುತ್ತಿದ್ದಾನೆ. ಆ ಮುದುಕ ಯಾರು, ಎಲ್ಲಿಂದ ಬಂದ, ಯಾವ ಕೋಟು ಯಾವಾಗ ಹರಿಯಿತು, ಒಂದೂ ಗೊತ್ತಿಲ್ಲ. ಮೊದಲು ಯಾರೋ ಇವ್ನ್ಯಾರ್ಲಾ ಮುದ್ಕ ಅಂದರು. ಆಮೇಲೆ ಕೆಳಗಿನ ಕ್ಲಾಸಿನಿಂದ ಒಬ್ಬ ಬಾಲ್ಕನಿಯ ಕಡೆ ತಿರುಗಿ, ಚಿಕ್ಕಸ್ವಾಮಣ್ಣ, ನಿನ್ ಮಗ ಅಪ್ಪನ್ನೇ ಬದ್ಲಾಯ್ಸ್ಬುಟ್ಟ ಕಣಣ್ಣ ಅಂತ ಕೂಗಿದ. ಟಾಕೀಸಿಗೆ ಟಾಕೀಸೇ ಬಿದ್ದು ಬಿದ್ದು ನಕ್ಕಿತು. ಅಲ್ಲಿಂದ ಮುಂದೆ ರವೀಂದ್ರ ಅತ್ತರೂ ನಗೆ, ಗುಂಡು ಹೊಡೆದರೂ ನಗೆ.

ನಿಂಗರಾಜು ಆಪರೇಟರ್ ರೂಮಿನಿಂದ ಇಳಿಯುವುದಕ್ಕೂ ಬಾಲ್ಕನಿಯ ಮೆಟ್ಟಿಲಿನಿಂದ ಚಿಕ್ಕಸ್ವಾಮಿ ಇಳಿಯುವುದಕ್ಕೂ ಸರಿಹೋಯಿತು. ಆ ಮನುಷ್ಯ ಟವೆಲ್ಲನ್ನು ತಲೆಯ ಮೇಲೆ ಹಾಕಿ ಮುಖದವರೆಗೆ ಎಳೆದುಕೊಂಡಿದ್ದ, ಸಾವಿನ ಮನೆಯಿಂದ ಬರುವವರ ಹಾಗೆ. ಹಿಂದೆ ಬೆಟ್ಟಮ್ಮ, ಸೆರಗು ಬಾಯಿಗೆ ಒತ್ತಿಕೊಂಡು. ಇಬ್ಬರೂ ಇವನನ್ನು ನೋಡಲಿಲ್ಲ. ಟ್ರಾಕ್ಟರಿಗೂ ಕಾಯದೆ ರಸ್ತೆ ಹಿಡಿದು ನಡೆದೇ ಹೊರಟರು.

ಅವರ ಹಿಂದೆ ಬಂದ ರವೀಂದ್ರ ಇವನ ಮುಂದೆ ನಿಂತ. ಕನ್ನಡಕ ಕೈಯಲ್ಲಿತ್ತು. ಏನಾಯ್ತ್ಲಾ ಅಂತ ಮೆಲ್ಲಗೆ ಕೇಳಿದ. ನಿಂಗರಾಜುವಿನ ಬಾಯಿಂದ ಸುಳ್ಳು ಸರಾಗವಾಗಿ ಬಂತು. ಎಷ್ಟಾದರೂ ನಟನಲ್ಲವೇ.

“ಗೇಟ್ ಆಕ್ಬುಟ್ಟಿದ್ರು ಕಣ್ಲಾ. ಗೂಡ್ಸ್ ಗಾಡಿ. ಕಾಯಾಕಾಗ್ದೆ ನಾಲೆ ಏರಿ ಮೇಲೆ ಸುತ್ತಾಕ್ಕಂಡು ಬಂದೆ. ಅಲ್ಲಿ ಚೈನ್ ಬಿದ್ದೋಯ್ತು.”

ರವೀಂದ್ರ ಸುಮ್ಮನೆ ನಿಂತಿದ್ದ. ಮುಖದ ಒಂದು ನರ ಅಲುಗಲಿಲ್ಲ, ಆದರೂ ಒಳಗೆ ಏನೇನು ನಡೆಯುತ್ತಿದೆ ಅಂತ ಎದುರಿಗಿದ್ದವನಿಗೆ ಪೂರಾ ಕಾಣುತ್ತಿತ್ತು. ಆ ನಿರ್ದೇಶಕ ಹೇಳಿದ್ದು ಯಾವ ವಿದ್ಯೆ ಅಂತ ನಿಂಗರಾಜುವಿಗೆ ಆಗ ಅರ್ಥವಾಯಿತು. ಆಟ ಮುಗಿದು ಜನ ನಗುತ್ತಾ ಹೊರಗೆ ಬಂದಾಗ, ಎಲ್ಲಿ ಆ ಪೆಟ್ಟಿಗೆಯವನು ಅಂತ ನಾಲ್ಕು ಜನ ಏರಿ ಬಂದರು. ರವೀಂದ್ರನೇ ಅಡ್ಡ ನಿಂತು, ಗೇಟು ಹಾಕಿತ್ತಂತೆ, ನಿಂಗನ ತಪ್ಪಿಲ್ಲ, ಅವನನ್ನು ಯಾರೂ ಏನೂ ಅನ್ನಬೇಡಿ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಸಾಯಂಕಾಲದ ಬಸ್ಸಿಗೆ ಬೆಂಗಳೂರಿಗೆ ಹೋಗುವಾಗ ಇವನ ಹೆಗಲ ಮೇಲೆ ಕೈಯಿಟ್ಟು ಒಂದೇ ಮಾತು ಆಡಿದ.

“ಯಾವತ್ತಾರ ಆ ಒಂಬತ್ತನೇ ರೀಲ ನೋಡ್ಬುಡ್ಲಾ.”

ಮಧ್ಯಾಹ್ನದ ಆಟದಿಂದಲೇ ಹದಿನಾಲ್ಕು ರೀಲೂ ಸರಿಯಾಗಿ ಓಡಿದವು. ಆದರೆ ಏನು ಬಂತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಸಂತೆಯಿಂದ ಸಂತೆಗೆ ಮಾತು ಹಬ್ಬಿತು. ನೋಡಲು ಬಂದವರೂ ನಗುವುದಕ್ಕೆ ಅಂತಲೇ ಬಂದರು. ಆ ಗದ್ದಲದಲ್ಲಿ ಪರದೆಯ ಮೇಲೆ ಯಾರು ಏನು ಮಾತಾಡಿದರು ಅಂತ ಯಾರೂ ಕೇಳಿಸಿಕೊಳ್ಳಲಿಲ್ಲ, ಚಿಕ್ಕಕೊಪ್ಪಲಿನವರಂತೂ ಮತ್ತೆ ಆ ಕಡೆ ತಲೆ ಹಾಕಲಿಲ್ಲ. ನಾಲ್ಕನೇ ದಿನಕ್ಕೆ ಸಿನಿಮಾ ತೆಗೆದರು. ಅದೇ 'ಗುಪ್ತದಳ' ಕೆ.ಆರ್. ಪೇಟೆಯಲ್ಲಿ ಒಂದು ವಾರ ಚೆನ್ನಾಗಿ ಓಡಿತು, ನಾಗಮಂಗಲಕ್ಕೆ ಹೋಗಿ ಎರಡನೇ ವಾರಕ್ಕೂ ನಿಂತಿತು. ಹುಡುಗ ಸೋತದ್ದು ತನ್ನ ತಾಲೂಕಿನಲ್ಲಿ ಮಾತ್ರ, ತನ್ನವರ ಕಣ್ಣ ಮುಂದೆ ಮಾತ್ರ.

ನಿಂಗರಾಜು ಪೆಟ್ಟಿಗೆ ಹೊರುವುದು ಬಿಟ್ಟ. ಸೊಂಟ ನೋವು ಅಂದ. ಟೀ ಅಂಗಡಿಯಲ್ಲಿ ಯಾರಾದರೂ ಅಪ್ಪನ್ನ ಬದಲಾಯಿಸಿದ ಕತೆ ಎತ್ತಿದರೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವುದು, ಅವರ ಜೊತೆ ತಾನೂ ಹಲ್ಲು ಕಿರಿಯುವುದು, ಆಮೇಲೆ ಅರ್ಧ ಟೀ ಬಿಟ್ಟು ಎದ್ದು ಹೋಗುವುದು. ಚಿಕ್ಕಸ್ವಾಮಿಯ ಮನೆಯ ಮುಂದಿನ ದಾರಿ ಬಿಟ್ಟು ಹಿತ್ತಲ ಕಡೆಯಿಂದ ಓಡಾಡತೊಡಗಿದ. ಪ್ರಮೀಳಾ ಒಂದು ದಿನ, ಬೆಟ್ಟಮ್ಮ ಅವತ್ತಿನಿಂದ ಡೈರಿಗೆ ಹಾಲು ಹಾಕಲೂ ಬರುತ್ತಿಲ್ಲ, ಹೆಂಗಸರು ಮುಖ ನೋಡಿ ನಗುತ್ತಾರಂತೆ ಅಂದಳು. ಅನ್ನ ಕಲಸುತ್ತಿದ್ದ ಕೈಯನ್ನು ಅವನು ಹಾಗೇ ತಟ್ಟೆಯಲ್ಲಿ ತೊಳೆದುಕೊಂಡ. ಅಪ್ಪನಾಣೆ ಹೇಳಿಬಿಡುತ್ತೇನೆ ಅಂತ ಎಷ್ಟೋ ಸಲ ಹೊರಟ. ಹೊಸ್ತಿಲು ದಾಟುವಷ್ಟರಲ್ಲಿ ಹಿತ್ತಲ ಕಡೆ ತಿರುಗಿಬಿಡುತ್ತಿದ್ದ.

ಮೂರನೇ ವಾರ, ನಾಗಮಂಗಲದಲ್ಲಿ ಒಂದು ಜೊತೆ ಎತ್ತು ನೋಡಿ ಬರುತ್ತೇನೆ ಅಂತ ಹೆಂಡತಿಗೆ ಹೇಳಿ ಬಸ್ಸು ಹತ್ತಿದ. ಅಲ್ಲಿ ಅವನ ಗುರುತು ಯಾರಿಗೂ ಇಲ್ಲ. ಮ್ಯಾಟಿನಿಗೆ ಟಿಕೆಟ್ ತೆಗೆದು, ನಾಲ್ಕು ವರ್ಷದಲ್ಲಿ ಮೊದಲ ಸಲ ಒಂದು ಸಿನಿಮಾವನ್ನು ಮೊದಲಿಂದ ನೋಡಲು ಕೂತ. ಪಕ್ಕದಲ್ಲಿ ತಲೆಗೆ ಮಫ್ಲರ್ ಸುತ್ತಿದ ಒಬ್ಬ ರೈತ. ಆತನಿಗೆ ಇದು ಎರಡನೇ ಸಲವಂತೆ.

ಇಂಟರ್ವಲ್ ಮುಗಿದು ಒಂಬತ್ತನೇ ರೀಲು ಶುರುವಾಯಿತು. ನೆಲಮಾಳಿಗೆ. ರವೀಂದ್ರನನ್ನು ಕಂಬಕ್ಕೆ ಕಟ್ಟಿ ಹೊಡೆಯುತ್ತಿದ್ದಾರೆ. ಗುಪ್ತದಳದವನು ಅಂತ ಗೊತ್ತಾದರೆ ಜೊತೆಯವರೆಲ್ಲ ಸಾಯುತ್ತಾರೆ. ಆದ್ದರಿಂದ ಸುಳ್ಳು ಹೆಸರು ಹೇಳಬೇಕು, ಸತ್ತರೂ ಅದನ್ನೇ ಹೇಳಬೇಕು. ವೈರಿ ಅವನ ಕಟ್ಟು ಬಿಚ್ಚಿಸಿ, ಯಾರು ನೀನು ಅಂತ ಕೇಳುತ್ತಾನೆ. ರವೀಂದ್ರ ನೆಲದಿಂದ ಏಳುತ್ತಾನೆ. ಎಡಗೈಯನ್ನು ಸೊಂಟದ ಮೇಲೆ ಇಡುತ್ತಾನೆ. ಗದ್ದ ಎತ್ತುತ್ತಾನೆ.

ನಿಂಗರಾಜು ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡ. ಅದು ಅವನದೇ ನಿಲುವು.

‘ನನ್ನ ಹೆಸರು,’ ಅಂದ ರವೀಂದ್ರ. ಉಸಿರು ತಡೆದು ನಿಂತ. ನಿಂಗರಾಜುವಿನದೇ ತಡೆ, ಅಷ್ಟೇ ಹೊತ್ತು. ‘ನಿಂಗರಾಜು. ಊರು ಚಿಕ್ಕಕೊಪ್ಪಲು, ಪಾಂಡವಪುರ ತಾಲೂಕು.’

ಹೊಡೆದರು. ಮತ್ತೆ ಕೇಳಿದರು. ನನ್ನ ಹೆಸರು ನಿಂಗರಾಜು ಅಂದ. ಹಲ್ಲಿನಿಂದ ರಕ್ತ ಬರುವ ಹಾಗೆ ಹೊಡೆದು ಮೂರನೇ ಸಲ ಕೇಳಿದರು. ಮೂರನೇ ಸಲವೂ ನಿಂಗರಾಜು. ಟಾಕೀಸು ಚಪ್ಪಾಳೆಯಿಂದ ಒಡೆದುಹೋಯಿತು. ಆಮೇಲೆ ಆ ನೆಲಮಾಳಿಗೆಯಲ್ಲಿ ನೀರು ಹೊರುವ ಒಬ್ಬ ಮುದುಕ ಅವನನ್ನು ಬದುಕಿಸುತ್ತಾನೆ, ಅವನಿಗೋಸ್ಕರ ತನ್ನ ಸ್ವಂತ ಮಗನನ್ನೇ ಕಳೆದುಕೊಳ್ಳುತ್ತಾನೆ. ಹನ್ನೊಂದನೇ ರೀಲಿನಲ್ಲಿ ರವೀಂದ್ರ ಆ ಮುದುಕನ ಕಾಲು ಹಿಡಿದಾಗ ನಾಗಮಂಗಲದ ಜನ ಮೂಗೊರೆಸಿಕೊಂಡರು. ಪಾಂಡವಪುರ ನಕ್ಕದ್ದು ಇದಕ್ಕೇ.

ನಿಂಗರಾಜುವಿಗೆ ಕೂತಲ್ಲೇ ನೆಲ ಬಾಯಿಬಿಡಬಾರದೇ ಅನ್ನಿಸಿತು. ಪಕ್ಕದ ರೈತ ಕಣ್ಣೊರೆಸಿಕೊಂಡು ಇವನ ತೊಡೆ ತಟ್ಟಿದ. ಎಸ್ರು ಅಂದ್ರೆ ಇಂಗ್ ಯೋಳ್ಬೇಕು ನೋಡಣ್ಣ ಅಂದ. ಆಮೇಲೆ ಮಾತಿಗೆ ಮಾತು ಅಂತ ಕೇಳಿದ:

“ನಿಮ್ಮೆಸ್ರೇನಣ್ಣ? ಯಾವೂರಾಯ್ತು?”

ಯಾರೂ ಅವನನ್ನು ಕಂಬಕ್ಕೆ ಕಟ್ಟಿರಲಿಲ್ಲ. ಯಾರೂ ಒಂದು ಏಟು ಹೊಡೆದಿರಲಿಲ್ಲ.

“ಶಂಕ್ರ,” ಅಂದ ನಿಂಗರಾಜು. “ಶ್ರೀರಂಗಪಟ್ಣ.”

ಬಸ್ಸಿನಲ್ಲಿ ಊರಿಗೆ ಬರುವಾಗ ಅವನು ಕಿಟಕಿಯ ಕಡೆ ಮುಖ ಮಾಡಿ ಅತ್ತ. ಕಂಡಕ್ಟರ್ ಟಿಕೆಟ್ ಕೇಳಿದ್ದೂ ಕೇಳಿಸಲಿಲ್ಲ. ಮಾರನೆಯ ಬೆಳಿಗ್ಗೆ ಮುಖ ತೊಳೆದವನೇ ಹಿತ್ತಲ ದಾರಿ ಬಿಟ್ಟು ಬೀದಿಯ ಮೇಲೇ ನಡೆದು ಚಿಕ್ಕಸ್ವಾಮಿಯ ಮನೆಗೆ ಹೋದ. ಬೆಟ್ಟಮ್ಮ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಬಾ ಮಗಾ ಅಂತ ಮಾತ್ರ ಅಂದಳು, ಮೂರು ವಾರ ಯಾಕೆ ಬರಲಿಲ್ಲ ಅಂತ ಕೇಳಲಿಲ್ಲ. ಅವನು ಕೂರಲಿಲ್ಲ.

“ದೊಡ್ಡವ್ವ, ಅವತ್ತು ಗೇಟ್ ಆಕಿರ್ನಿಲ್ಲ.”

ಅವಳ ಕೈ ನಿಲ್ಲಲಿಲ್ಲ. ಕಾಳು ಮೊರಕ್ಕೆ ಬೀಳುತ್ತಲೇ ಇದ್ದವು.

“ಗೊತ್ತು ಕಣ್ಮಗಾ. ಗೇಟ್ ಕಾಯೋನು ನಮ್ ಚೌಡಯ್ಯ ಅಲ್ವೇನಪ್ಪ, ನಮ್ ತವರ್ನೋನು.”

ಸುಳ್ಳು ಹೇಳುವವನು ಊರಲ್ಲಿ ಬೇರೆ ಯಾವ ಗೇಟೂ ಸಿಗದೆ, ಅವಳ ತವರಿನವನು ಕಾಯುವ ಗೇಟಿನ ಮೇಲೆ ಹೇಳಿದ್ದ. ಅವತ್ತೇ ಸಂಜೆ ರವೀಂದ್ರ ಬಸ್ಸು ಹತ್ತುವ ಮುಂಚೆ ಚೌಡಯ್ಯ ಬಂದಿದ್ದನಂತೆ. ಹನ್ನೆರಡರಿಂದ ಎರಡರವರೆಗೆ ಒಂದು ಗಾಡಿಯೂ ಹೋಗಲಿಲ್ಲ, ಗೇಟು ಹಾಕಲೇ ಇಲ್ಲ, ನಿಂಗರಾಜು ನಾಲೆಯ ಕಡೆ ತಿರುಗಿದ್ದನ್ನು ಕಣ್ಣಾರೆ ಕಂಡೆ ಅಂತ ಹೇಳಿದನಂತೆ. ಚಿಕ್ಕಸ್ವಾಮಿ ದೊಣ್ಣೆ ತೆಗೆದುಕೊಂಡು ಎದ್ದದ್ದಕ್ಕೆ ರವೀಂದ್ರ ಕೈಹಿಡಿದು ಕೂರಿಸಿ, ಅವನು ತಾನಾಗಿ ಬಂದು ಹೇಳುವವರೆಗೆ ಈ ಮಾತು ಈ ಮನೆಯ ಹೊಸ್ತಿಲು ದಾಟಬಾರದು ಅಂತ ಅಪ್ಪ, ಅವ್ವ, ಚೌಡಯ್ಯ ಮೂವರ ಕೈಯಲ್ಲೂ ಆಣೆ ಹಾಕಿಸಿಕೊಂಡನಂತೆ. ಅಂದರೆ ಬಸ್‌ಸ್ಟ್ಯಾಂಡಿನಲ್ಲಿ ಹೆಗಲ ಮೇಲೆ ಕೈಯಿಟ್ಟು ಆ ರೀಲು ನೋಡು ಅಂದಾಗ ಅವನಿಗೆ ಎಲ್ಲ ಗೊತ್ತಿತ್ತು. ಮೂರು ವಾರ ಊರೆಲ್ಲ ನಗುತ್ತಿರುವಾಗ ಈ ಇಬ್ಬರು ಮುದುಕರು ಒಂದು ಮಾತು ಹೇಳಿದ್ದರೆ ಸಾಕಿತ್ತು, ನಗೆಯೆಲ್ಲ ನಿಂಗರಾಜುವಿನ ಕಡೆ ತಿರುಗುತ್ತಿತ್ತು. ಅವರು ಹೇಳಿರಲಿಲ್ಲ. ಬೈದಿದ್ದರೆ, ಚಪ್ಪಲಿ ತೆಗೆದು ಹೊಡೆದಿದ್ದರೆ ಅವನಿಗೆ ಒಂದಿಷ್ಟು ಹಗುರವಾಗುತ್ತಿತ್ತೇನೋ.

“ನೋಡ್ದಾ ಆ ರೀಲ?” ಅಂತ ಬೆಟ್ಟಮ್ಮ ಕೇಳಿದಳು.

ನೋಡಿದೆ ಅಂತ ತಲೆಯಾಡಿಸಿದ.

“ಅದ್ರಲ್ಲಿ ನಿನ್ ಎಸ್ರ ಯೋಳಿವ್ನಿ ಅಂತ ರವಿ ಅಂದ. ನಾವ್ ನೋಡ್ನಿಲ್ವಲ್ಲಪ್ಪ. ಇವ್ರು ಇನ್ ಟಾಕೀಸ್ ಕಡೀಕ್ ಕಾಲಿಕ್ಕಲ್ಲ ಅಂತಾವ್ರೆ.” ಅವಳು ಮೊರವನ್ನು ಪಕ್ಕಕ್ಕೆ ಸರಿಸಿ ಸೆರಗಿಗೆ ಕೈ ಒರೆಸಿಕೊಂಡಳು. “ನೀನು ಪಾರ್ಟ್ ಮಾಡೋನು. ಅವ್ನು ಎಂಗ್ ಯೋಳ್ದ ಅಂತ ಒಸಿ ಮಾಡ್ ತೋರ್ಸು ಮಗಾ.”

ಅವಳ ಮಾತಿನಲ್ಲಿ ಕುಹಕ ಇರಲಿಲ್ಲ. ಮಗನ ಸಿನಿಮಾವನ್ನು ಅರ್ಧಕ್ಕೆ ಬಿಟ್ಟು ಬಂದ ತಾಯಿ, ಅದರಲ್ಲಿ ಏನಿತ್ತು ಅಂತ ನೋಡುವ ಆಸೆಯಿಂದ ಕೇಳುತ್ತಿದ್ದಳು. ಒಳಗಿನಿಂದ ಚಿಕ್ಕಸ್ವಾಮಿಯೂ ಬಂದು ಬಾಗಿಲ ಕಂಬಕ್ಕೆ ಒರಗಿ ನಿಂತ. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಹನ್ನೆರಡು ವರ್ಷ ಊರೆಲ್ಲ ನೋಡಿದ ರಾಜ ಅಂಗಳದ ಮಧ್ಯಕ್ಕೆ ಹೋಗಿ ನಿಂತು, ಎಡಗೈ ಸೊಂಟದ ಮೇಲಿಟ್ಟು, ಗದ್ದ ಎತ್ತಿದ.

‘ನನ್ನ ಹೆಸರು,’ ಅಂದ.

ಅಲ್ಲಿಗೆ ನಿಂತಿತು. ಅವನ ತಡೆ ಅಂದರೆ ಊರಿಗೇ ಪ್ರಸಿದ್ಧ. ಆದರೆ ಈ ತಡೆ ಮುಗಿಯುವ ಹಾಗೆ ಕಾಣಲಿಲ್ಲ. ಸೊಂಟದ ಮೇಲಿಟ್ಟ ಕೈ ಕೆಳಗೆ ಜಾರಿತು, ಗದ್ದ ಎದೆಗೆ ಇಳಿಯಿತು. ಬೆಟ್ಟಮ್ಮ, ಚಿಕ್ಕಂದಿನಲ್ಲಿ ಇನ್ನೊಂದು ತುತ್ತು ತಿನ್ನು ಅನ್ನುತ್ತಿದ್ದ ದನಿಯಲ್ಲೇ, ಯೋಳು ಮಗಾ ಅಂದಳು.

‘ನಿಂಗರಾಜು,’ ಅಂದ ಅವನು. ಬೀದಿಗೂ ಕೇಳಿಸದಷ್ಟು ಸಣ್ಣ ದನಿ. ‘ಊರು ಚಿಕ್ಕಕೊಪ್ಪಲು.’

ಸಿನಿಮಾದಲ್ಲಿ ಅದನ್ನು ಮೂರು ಸಲ ಹೇಳುತ್ತಾನೆ ಅಂತ ಅವನಿಗೆ ನೆನಪಿತ್ತು. ಎರಡನೇ ಸಲ ಹೇಳಲು ಅವನಿಂದ ಆಗಲಿಲ್ಲ.